ನೋಡಿ ಕಲಿಯದವರ ಹರೆಯ

ಲೈಂಗಿಕತೆಯ ಮೊದಲ ಪಾಠಗಳನ್ನು ಮಕ್ಕಳಿಗೆ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ಸ್ನಾನ ಮುಗಿಸಿ ಬರಿಮೈಯಲ್ಲಿ ಓಡುವ ತಮ್ಮ, ಸೊಂಟಕ್ಕೆ ಕೈಕೊಟ್ಟು ನಡೆಯುವ ಪಕ್ಕದ ಮನೆಯ ಬಸುರಿ, ಬೀದಿಯಲ್ಲಿ ಬೆದೆಗೆ ಬಂದ ನಾಯಿಗಳು, ಸಿನಿಮಾದಲ್ಲಿ ನಾಯಕ ನಾಯಕಿಯ ಕೈ ಹಿಡಿಯುವ ರೀತಿ, ಔಷಧದಂಗಡಿಯ ಗೋಡೆಯ ಮೇಲಿನ ಜಾಹೀರಾತು, ಇವೆಲ್ಲ ಕಣ್ಣಿನ ಮೂಲಕ ತಮ್ಮಷ್ಟಕ್ಕೆ ಒಳಗಿಳಿಯುತ್ತವೆ. ಶಿಕ್ಷಣತಜ್ಞರು ಇದನ್ನು ಪ್ರಾಸಂಗಿಕ ಕಲಿಕೆ ಎನ್ನುತ್ತಾರೆ. ಹುಟ್ಟಿನಿಂದ ಕಣ್ಣು ಕಾಣದ ಮಗುವಿಗೆ ಈ ದಾರಿ ಮುಚ್ಚಿರುತ್ತದೆ. ಮುಟ್ಟಿ ತಿಳಿಯೋಣವೆಂದರೆ ಇನ್ನೊಬ್ಬರ ಮೈ ಮುಟ್ಟುವುದು ಸಲ್ಲದು. ಕೇಳಿ ತಿಳಿಯೋಣವೆಂದರೆ ಹೇಳುವವರಿಲ್ಲ. ಅಂಧ ಯುವಜನರ ಲೈಂಗಿಕ ಬೆಳವಣಿಗೆಯಲ್ಲಿ ಎದುರಾಗುವ ತೊಡಕುಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿ. ಕಣ್ಣಿನ ದೋಷ ನೇರವಾಗಿ ತಂದೊಡ್ಡುವ ತೊಡಕುಗಳು ತೀರಾ ಕಡಿಮೆ.

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ದೃಷ್ಟಿದೋಷ ಇರುವವರು ಸುಮಾರು 50 ಲಕ್ಷ. ಇವರೆಲ್ಲರ ಅನುಭವ ಒಂದೇ ಅಲ್ಲ. ಬೆಳಕಿನ ಸುಳಿವೂ ಇಲ್ಲದವರು ಇದರಲ್ಲಿ ಚಿಕ್ಕ ಪಾಲು. ಹೆಚ್ಚಿನವರಿಗೆ ಅಷ್ಟಿಷ್ಟು ಕಾಣುತ್ತದೆ: ಎದುರಿಗಿರುವವರ ಆಕಾರ ಕಾಣುತ್ತದೆ, ಮುಖಭಾವ ಕಾಣುವುದಿಲ್ಲ, ಹಗಲು ಓಡಾಡಬಹುದು, ಸಂಜೆಯಾದರೆ ಆಗದು. ಹುಟ್ಟಾ ಕಾಣದವರಿಗೂ ಹದಿನೆಂಟರಲ್ಲಿ ದೃಷ್ಟಿ ಕಳೆದುಕೊಂಡವರಿಗೂ ದೊಡ್ಡ ಅಂತರವಿದೆ. ಮೊದಲನೆಯವರಿಗೆ ಕಳೆದುಕೊಂಡದ್ದೇನೂ ಇಲ್ಲ, ಕಲಿಯಬೇಕಾದದ್ದಿದೆ. ಎರಡನೆಯವರು ಗಂಡಾಗಿ ಇಲ್ಲವೇ ಹೆಣ್ಣಾಗಿ ತಮ್ಮ ಬಗ್ಗೆ ಕಟ್ಟಿಕೊಂಡಿದ್ದ ಚಿತ್ರವನ್ನೇ ಹೊಸದಾಗಿ ಬರೆದುಕೊಳ್ಳಬೇಕು.

ಚಿತ್ರ ಕಟ್ಟಿಕೊಳ್ಳುವ ಕೆಲಸ ತೊಟ್ಟಿಲಲ್ಲೇ ಶುರುವಾಗುತ್ತದೆ. ಅಮೆರಿಕದ ಮನೋವಿಶ್ಲೇಷಕಿ ಸೆಲ್ಮಾ ಫ್ರೈಬರ್ಗ್ ಹುಟ್ಟುಕುರುಡು ಕೂಸುಗಳನ್ನು ವರ್ಷಗಟ್ಟಲೆ ಗಮನಿಸಿ 1977ರಲ್ಲಿ ಪುಸ್ತಕ ಪ್ರಕಟಿಸಿದರು. ಕೂಸು ಕಣ್ಣಿಗೆ ಕಣ್ಣು ಕೂಡಿಸುವುದಿಲ್ಲ, ಮುಖ ನೋಡಿ ನಗುವುದಿಲ್ಲ. ಹೀಗಾಗಿ ತಾಯಂದಿರಿಗೆ ಮಗುವಿಗೆ ತಮ್ಮ ಮೇಲೆ ಪ್ರೀತಿಯೇ ಇಲ್ಲವೇನೋ ಅನ್ನಿಸುತ್ತಿತ್ತು. ಫ್ರೈಬರ್ಗ್ ಆ ತಾಯಂದಿರಿಗೆ ಮಗುವಿನ ಕೈಗಳನ್ನು ನೋಡಲು ಹೇಳಿದರು. ಮುಖದಲ್ಲಿ ಕಾಣದ ಆಸೆ, ಕುತೂಹಲ, ಹುಡುಕಾಟ ಎಲ್ಲವೂ ಬೆರಳುಗಳಲ್ಲಿತ್ತು. ಕೈಯ ಭಾಷೆ ತಿಳಿದ ಮೇಲೆ ತಾಯಿ ಮಗುವಿನ ನಂಟು ಬಿಗಿಯಾಯಿತು. ಫ್ರೈಬರ್ಗ್ ಕಂಡ ಇನ್ನೊಂದು ಸಂಗತಿ: 'ನಾನು' ಎಂಬ ಪದವನ್ನು ಸರಿಯಾಗಿ ಬಳಸುವುದು, ಗೊಂಬೆಯನ್ನು ತನ್ನಂತೆಯೇ ಒಂದು ಜೀವವೆಂದು ಭಾವಿಸಿ ಆಡುವುದು ಈ ಮಕ್ಕಳಲ್ಲಿ ತಡವಾಗಿ ಬರುತ್ತದೆ. ತಡವಾಗಿಯಾದರೂ ಬಂದೇ ಬರುತ್ತದೆ.

ಈ ಮಕ್ಕಳಿಗೆ ಮಾತು ಮಾತ್ರ ಚೆನ್ನಾಗಿ ಬರುತ್ತದೆ, ಅದರ ಹಿಂದಿನ ಅನುಭವ ಇರುವುದಿಲ್ಲ ಎಂಬ ಆಕ್ಷೇಪ ಹಳೆಯದು. ಹನ್ನೊಂದನೇ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡ ಮನೋವಿಜ್ಞಾನಿ ಥಾಮಸ್ ಕಟ್ಸ್‌ಫೋರ್ತ್ 1933ರ ತಮ್ಮ ಪುಸ್ತಕದಲ್ಲಿ ಇದನ್ನೇ ಹೇಳಿ, ತಪ್ಪು ಮಕ್ಕಳದ್ದಲ್ಲ, ಕಾಣುವವರ ಪದಗಳನ್ನು ಗಿಳಿಪಾಠ ಮಾಡಿಸುವ ಶಾಲೆಯದ್ದು ಎಂದರು. ಅರ್ಧ ಶತಮಾನದ ನಂತರ, 1985ರಲ್ಲಿ, ಬಾರ್ಬರಾ ಲ್ಯಾಂಡೌ ಮತ್ತು ಲೈಲಾ ಗ್ಲೈಟ್‌ಮನ್ ಇದಕ್ಕೆ ಇನ್ನೊಂದು ಮುಖವಿದೆಯೆಂದು ತೋರಿಸಿದರು. 'ಮೇಲೆ ನೋಡು' ಎಂದಾಗ ಕಣ್ಣಿಗೆ ಬಟ್ಟೆ ಕಟ್ಟಿದ ಮಕ್ಕಳು ತಲೆ ಎತ್ತಿದರು. ಹುಟ್ಟುಕುರುಡಿಯಾದ ಪುಟ್ಟ ಹುಡುಗಿ ಕೈ ಎತ್ತಿದಳು. ಅವಳ ಪಾಲಿಗೆ ನೋಡುವುದೆಂದರೆ ಕೈಯಿಂದ ತಡವಿ ತಿಳಿಯುವುದು. ಪದ ಖಾಲಿಯಾಗಿರಲಿಲ್ಲ, ಅವಳ ಅನುಭವ ಅದರಲ್ಲಿ ತುಂಬಿತ್ತು. ಲೈಂಗಿಕ ವಿಷಯಗಳಲ್ಲಿ ಕಟ್ಸ್‌ಫೋರ್ತ್ ಹೇಳಿದ್ದೂ ನಿಜ, ಲ್ಯಾಂಡೌ ಹೇಳಿದ್ದೂ ನಿಜ. ಕೈಗೆ ಸಿಕ್ಕಿದ್ದು ಅರ್ಥವಾಗುತ್ತದೆ, ಸಿಗದಿದ್ದು ಬರೀ ಸದ್ದಾಗಿ ಉಳಿಯುತ್ತದೆ. ಗರ್ಭಕೋಶ, ಶಿಶ್ನ, ಸ್ಖಲನ ಎಂಬ ಪದಗಳನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದ ವಿದ್ಯಾರ್ಥಿಗೆ ಎದುರು ಲಿಂಗದವರ ದೇಹದ ಆಕಾರವೇ ಗೊತ್ತಿಲ್ಲದಿರುವುದು ಅಪರೂಪವೇನಲ್ಲ.

ಮೈ ಮಾತ್ರ ಯಾರಿಗೂ ಕಾಯದೆ ಬೆಳೆಯುತ್ತದೆ. ಮಿದುಳಿನ ಹೈಪೋಥಲಾಮಸ್, ಅದರಡಿಯ ಪಿಟ್ಯುಟರಿ, ಅಲ್ಲಿಂದ ಅಂಡಾಶಯ ಅಥವಾ ವೃಷಣ ಎಂಬ ಸರಪಣಿಗೆ ಕಣ್ಣಿನ ಅಪ್ಪಣೆ ಬೇಕಿಲ್ಲ. ಬೆಳಕಿಗೂ ಪ್ರಾಯಕ್ಕೂ ನಂಟಿದೆಯೇ ಎಂಬ ಪ್ರಶ್ನೆ ವಿಜ್ಞಾನಿಗಳನ್ನು ಒಂದು ಕಾಲದಲ್ಲಿ ತುಂಬ ಕಾಡಿತ್ತು. 1964ರಲ್ಲಿ ಜಕರಾಯಸ್ ಮತ್ತು ವುರ್ಟ್‌ಮನ್ ಅಂಧ ಹುಡುಗಿಯರು ಕಣ್ಣಿದ್ದವರಿಗಿಂತ ತುಸು ಬೇಗ ಮೈನೆರೆಯುತ್ತಾರೆಂದು ವರದಿ ಮಾಡಿದರು. ಕತ್ತಲಲ್ಲಿ ಸ್ರವಿಸುವ ಮೆಲಟೋನಿನ್ ಹಾರ್ಮೋನಿನ ಕಡೆಗೆ ಆಗ ಎಲ್ಲರ ಗಮನ ಹರಿಯಿತು. ಮುಂದಿನ ಅಧ್ಯಯನಗಳು ಒಂದೇ ಉತ್ತರ ಕೊಡಲಿಲ್ಲ. ಕಣ್ಣನ್ನೂ ಹಾರ್ಮೋನನ್ನೂ ಒಟ್ಟಿಗೆ ಕಾಡುವ ಕೆಲವು ಕಾಯಿಲೆಗಳಿರುವುದಂತೂ ನಿಜ. ದೃಷ್ಟಿನರ ಹುಟ್ಟಿನಿಂದಲೇ ಸಣ್ಣದಾಗಿರುವ ಮಕ್ಕಳಲ್ಲಿ ಪಿಟ್ಯುಟರಿಯೂ ಸೊರಗಿರಬಹುದು. ಅವರಲ್ಲಿ ಪ್ರಾಯ ಬಹು ಬೇಗ ಬರಬಹುದು, ಬಾರದೆಯೂ ಇರಬಹುದು. ಬಾರ್ಡೆ-ಬೀಡಲ್ ಎಂಬ ವಂಶವಾಹಿ ಕಾಯಿಲೆಯಲ್ಲಿ ಅಕ್ಷಿಪಟ ಸವೆಯುವುದರ ಜತೆ ಹುಡುಗರ ಜನನಾಂಗ ಸರಿಯಾಗಿ ಬೆಳೆಯದಿರಬಹುದು. ಇಂಥವರಿಗೆ ನೇತ್ರವೈದ್ಯರ ಜತೆ ಹಾರ್ಮೋನು ತಜ್ಞರೂ ಬೇಕು. ಆದರೆ ಇವು ವಿರಳ. ಉಳಿದ ಬಹುತೇಕ ಅಂಧ ಯುವಜನರ ದೇಹ, ಬಯಕೆ, ಫಲವಂತಿಕೆ ಯಾವುದರಲ್ಲೂ ಏನೂ ಹೆಚ್ಚುಕಡಿಮೆ ಇಲ್ಲ.

ಇಲ್ಲಿ ಒಂದು ಹಳೆಯ ಮೂಢನಂಬಿಕೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಹಸ್ತಮೈಥುನದಿಂದ ಕಣ್ಣು ಹೋಗುತ್ತದೆ ಎಂಬ ಮಾತಿಗೆ ಯುರೋಪಿನಲ್ಲಿ ವೈದ್ಯಶಾಸ್ತ್ರದ ಮುದ್ರೆ ಒತ್ತಿದವರಲ್ಲಿ 18ನೇ ಶತಮಾನದ ಸ್ವಿಸ್ ವೈದ್ಯ ತಿಸೋ ಪ್ರಮುಖ. ಧಾತು ನಷ್ಟವಾದರೆ ದೃಷ್ಟಿ ಮಂದವಾಗುತ್ತದೆ ಎಂಬುದು ನಮ್ಮಲ್ಲೂ ಬಸ್ ನಿಲ್ದಾಣದ ಕರಪತ್ರಗಳ ತನಕ ಬಾಳಿದ ನಂಬಿಕೆ. ಕಾಣುವ ಹುಡುಗನಿಗೆ ಇದು ಬೆದರಿಕೆ ಅಷ್ಟೇ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಅಕ್ಷಿಪಟದ ಕಾಯಿಲೆಯಿಂದ ಹದಿಹರೆಯದಲ್ಲೇ ನೋಟ ಕುಗ್ಗುತ್ತಿರುವ ಹುಡುಗನಿಗೆ ಅದು ತೀರ್ಪಿನಂತೆ ಕೇಳಿಸುತ್ತದೆ. ಎರಡಕ್ಕೂ ಯಾವ ಸಂಬಂಧವೂ ಇಲ್ಲವೆಂದು ಅವನಿಗೆ ಯಾರಾದರೂ ಬಾಯಿಬಿಟ್ಟು ಹೇಳಬೇಕು.

ಮುಟ್ಟಿನ ವಿಷಯದಲ್ಲಿ ಹೇಳಿಕೊಡುವುದು ಇನ್ನೂ ಬೆರಳತುದಿಯ ಕೆಲಸ. ಕಾಣುವ ಹುಡುಗಿಗೆ ಕಲೆ ಕಂಡಾಗ ತಿಳಿಯುತ್ತದೆ. ಕಾಣದ ಹುಡುಗಿ ಒದ್ದೆಯಾದದ್ದು ಬೆವರೋ ಬಿಳಿಸೆರಗೋ ರಕ್ತವೋ ಎಂಬುದನ್ನು ಅಂಟಿನಿಂದ, ವಾಸನೆಯಿಂದ, ಹೊಟ್ಟೆ ನುಲಿಯುವುದರಿಂದ, ದಿನಗಳ ಲೆಕ್ಕದಿಂದ ಗುರುತಿಸಲು ಕಲಿಯುತ್ತಾಳೆ. ಪ್ಯಾಡಿನ ಅಂಟುಪಟ್ಟಿಯನ್ನು ಉಗುರಿನಿಂದ ಬಿಡಿಸಿ, ರೆಕ್ಕೆಗಳನ್ನು ಒಳಉಡುಪಿನ ಅಂಚಿಗೆ ಮಡಚಿ, ಮುಂದು ಹಿಂದು ಸಮವಾಯಿತೇ ಎಂದು ಹೆಬ್ಬೆರಳಿನಿಂದ ಸವರಿ ನೋಡಬೇಕು. ಒದ್ದೆಯನ್ನು ನಂಬಿ ಕೂರದೆ ಗಂಟೆ ನೋಡಿ ಬದಲಿಸಬೇಕು. ಬಟ್ಟೆಯಾದರೆ ಹರಿವ ನೀರಿನಲ್ಲಿ ಜಾರುತನ ಹೋಗುವ ತನಕ ತೊಳೆಯಬೇಕು. ಇಷ್ಟನ್ನು ಒಣ ಪ್ಯಾಡು ಕೈಗೆ ಕೊಟ್ಟು ಮೊದಲ ಮುಟ್ಟಿಗೆ ಮುಂಚೆಯೇ ಒಂದೆರಡು ಸಲ ಅಭ್ಯಾಸ ಮಾಡಿಸಿದರೆ ಸಾಕು. ಅದನ್ನು ಮಾಡದ ಮನೆಗಳಲ್ಲಿ ತಾಯಿಯೋ ಅಕ್ಕನೋ ಪ್ರತಿ ತಿಂಗಳೂ ತಾವೇ ಮಾಡಿಕೊಡುತ್ತಾರೆ. ಇಪ್ಪತ್ತು ದಾಟಿದ ಮೇಲೂ ತನ್ನ ಮೈಯ ಈ ಸಂಗತಿ ಇನ್ನೊಬ್ಬರ ಕೈಯಲ್ಲಿರುವ ಹುಡುಗಿಗೆ ಮೈ ತನ್ನದು ಅನ್ನಿಸುವುದಾದರೂ ಹೇಗೆ?

ಶಾಲೆಯ ಪಾಠ ಈ ಕೊರತೆಯನ್ನು ತುಂಬಬಹುದಿತ್ತು. ಆದರೆ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರ ಸುಮಾರಿಗೆ ಹಲವು ರಾಜ್ಯಗಳು ತಡೆಹಿಡಿದವು, ಕರ್ನಾಟಕವೂ ಅವುಗಳಲ್ಲೊಂದು. ಪಾಠ ನಡೆದಲ್ಲಿಯೂ ಅದು ಚಿತ್ರ ಮತ್ತು ವಿಡಿಯೊಗಳ ಮೇಲೆ ನಿಂತಿರುತ್ತದೆ. ಚಿತ್ರದ ಪುಟವನ್ನು ಬ್ರೈಲ್‌ಗೆ ಇಳಿಸುವಾಗ 'ಚಿತ್ರ ನೋಡಿ' ಎಂಬ ಸಾಲು ಉಳಿದು ಚಿತ್ರ ಬಿಟ್ಟುಹೋಗುತ್ತದೆ. ಅಮೆರಿಕದ ನಾರ್ದರ್ನ್ ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾಪರ್‌ಮನ್ ಮತ್ತು ಕೆಲ್ಲಿ ಈ ವಿಷಯದಲ್ಲಿ ದೀರ್ಘಕಾಲ ಕೆಲಸ ಮಾಡಿದವರು. ದೇಹದ ನಿಜ ಅಳತೆಯ, ಮುಟ್ಟಿದರೆ ಮೈಯಂತೆಯೇ ಇರುವ ಮಾದರಿಗಳು ಬೇಕೇ ಬೇಕು ಎಂಬುದು ಅವರ ಸಲಹೆ. ಬಿಡಿ ಅಂಗದ ಮಾದರಿಗಿಂತ ಇಡೀ ದೇಹದ ಮಾದರಿ ಮೇಲು. ಅಂಗ ಎಲ್ಲಿದೆ, ಎಷ್ಟು ದೊಡ್ಡದು, ಯಾವುದರ ಪಕ್ಕದಲ್ಲಿದೆ ಎಂಬುದು ಕೈಗೆ ಒಟ್ಟಾಗಿ ಸಿಗುತ್ತದೆ. ಕಾಂಡೋಮನ್ನು ಪೊಟ್ಟಣದಿಂದ ತೆಗೆದು, ಸುರುಳಿ ಯಾವ ಕಡೆಗೆ ಬಿಚ್ಚುತ್ತದೆಂದು ಬೆರಳಿನಿಂದ ತಿಳಿದು, ಮಾದರಿಗೆ ಹಾಕಿ ಕಲಿಯಬೇಕು. ಇದರಲ್ಲಿ ಅಸಭ್ಯವಾದದ್ದೇನೂ ಇಲ್ಲ. ಕಾಣುವ ಮಕ್ಕಳಿಗೆ ಪುಸ್ತಕದ ಚಿತ್ರ ಕೊಟ್ಟದ್ದನ್ನೇ ಇವರಿಗೆ ಮಾದರಿ ಕೊಡುತ್ತದೆ.

ಕೈಯ ಜ್ಞಾನ ಎಷ್ಟು ನಿಖರವಾಗಬಲ್ಲದು ಎಂಬುದಕ್ಕೆ ಜರ್ಮನಿಯಲ್ಲಿ ಸ್ತ್ರೀರೋಗ ತಜ್ಞ ಫ್ರಾಂಕ್ ಹಾಫ್‌ಮನ್ ಆರಂಭಿಸಿದ ಯೋಜನೆ ಉದಾಹರಣೆ. ಅಲ್ಲಿ ಅಂಧ ಮಹಿಳೆಯರಿಗೆ ಸ್ತನ ಪರೀಕ್ಷೆಯ ತರಬೇತಿ ಕೊಡಲಾಗುತ್ತದೆ. ಎದೆಯ ಮೇಲೆ ಮುಟ್ಟಿ ತಿಳಿಯಬಹುದಾದ ಗುರುತುಗಳಿರುವ ಪಟ್ಟಿಗಳನ್ನು ಅಂಟಿಸಿಕೊಂಡು, ಅಂಗುಲ ಅಂಗುಲವಾಗಿ ಬೇರೆ ಬೇರೆ ಒತ್ತಡದಲ್ಲಿ ಬೆರಳಾಡಿಸಿ, ಗಂಟು ಎಲ್ಲಿದೆಯೆಂದು ಕರಾರುವಾಕ್ಕಾಗಿ ಹೇಳುತ್ತಾರೆ. ದೆಹಲಿಯ ಅಂಧ ಮಹಿಳೆಯರ ಕೇಂದ್ರವೊಂದು ಇದನ್ನು ಭಾರತಕ್ಕೆ ತಂದಿತು. ಬೆಂಗಳೂರಿನಲ್ಲಿ ಎನೇಬಲ್ ಇಂಡಿಯಾ ಸಂಸ್ಥೆಯೂ ಈ ತರಬೇತಿಯಲ್ಲಿ ಕೈಜೋಡಿಸಿದೆ. ಮೈ ಮುಟ್ಟಬಾರದೆಂದು ಗದರಿಸಿ ಬೆಳೆಸಿದ ಹುಡುಗಿಯರೇ ಮೈ ಮುಟ್ಟಿ ರೋಗ ಹಿಡಿಯುವ ವೃತ್ತಿಗೆ ಬಂದದ್ದು ಗಮನಿಸಬೇಕಾದದ್ದು.

ಬಯಕೆಗೂ ಓದು ಬೇಕು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಅಂಧ ಓದುಗರಿಗಾಗಿ ಪ್ರಕಟಿಸುತ್ತಿದ್ದ ಬ್ರೈಲ್ ನಿಯತಕಾಲಿಕಗಳ ಪಟ್ಟಿಗೆ 1970ರಲ್ಲಿ 'ಪ್ಲೇಬಾಯ್' ಸೇರಿತು. ಚಿತ್ರಗಳಿಲ್ಲ, ಜಾಹೀರಾತಿಲ್ಲ, ಬರಹ ಮಾತ್ರ. 1985ರಲ್ಲಿ ಸಂಸತ್ತಿನ ಸದಸ್ಯರೊಬ್ಬರು ತೆರಿಗೆ ಹಣ ಇದಕ್ಕೆ ಹೋಗಬಾರದೆಂದು ಪಟ್ಟುಹಿಡಿದು, ಅಷ್ಟು ಹಣವನ್ನು ಗ್ರಂಥಾಲಯದ ಬಜೆಟ್ಟಿನಿಂದ ಕಡಿತ ಮಾಡಿಸಿದರು. ಅಂಧರ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು. 1986ರಲ್ಲಿ ಫೆಡರಲ್ ನ್ಯಾಯಾಲಯ ಆ ಕಡಿತ ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ತೀರ್ಪು ಕೊಟ್ಟಿತು, ಪ್ರಕಟಣೆ ಮುಂದುವರಿಯಿತು. ಪತ್ರಿಕೆ ಒಳ್ಳೆಯದೋ ಕೆಟ್ಟದೋ ಎಂಬ ಜಗಳ ಬೇರೆ. ಕಾಣುವ ವಯಸ್ಕರು ಅಂಗಡಿಯಲ್ಲಿ ಕೊಳ್ಳಬಹುದಾದದ್ದನ್ನು ಕಾಣದ ವಯಸ್ಕರು ಓದಬಾರದೆಂದು ಮೂರನೆಯವರು ತೀರ್ಮಾನಿಸಬಹುದೇ ಎಂಬುದು ಇಲ್ಲಿದ್ದ ಪ್ರಶ್ನೆ. ಅಂಧರನ್ನು ಎಂದೂ ಬೆಳೆಯದ ಮಕ್ಕಳಂತೆ ಕಾಣುವ ರೂಢಿಗೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಸಿಗುವುದು ಕಷ್ಟ.

ಇನ್ನು ಆಕರ್ಷಣೆ. ಕಣ್ಣಿಲ್ಲದವರಿಗೆ ಯಾರು ಚೆಂದ ಎಂದು ಹೇಗೆ ಗೊತ್ತಾಗುತ್ತದೆ ಎಂಬುದು ಕಾಣುವವರು ತಪ್ಪದೆ ಕೇಳುವ ಪ್ರಶ್ನೆ. ದನಿಯ ಏರಿಳಿತ, ನಗುವ ರೀತಿ, ಮೈಯ ವಾಸನೆ, ಕೈ ಕುಲುಕುವಾಗಿನ ಬಿಸಿ ಮತ್ತು ಹಿಡಿತ, ಮಾತಿನಲ್ಲಿ ಇನ್ನೊಬ್ಬರಿಗೆ ಕೊಡುವ ಜಾಗ, ಇವು ಸಾಕಷ್ಟು ಹೇಳುತ್ತವೆ. ಚೆಲುವಿನ ಅಭಿರುಚಿ ಪೂರ್ತಿ ಕಣ್ಣಿನದ್ದೇ ಎಂಬುದೂ ಸಂಶಯಾಸ್ಪದ. ನೆದರ್ಲೆಂಡ್ಸ್‌ನ ಕರೆಮನ್ಸ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹುಟ್ಟುಕುರುಡರಾದ ಗಂಡಸರಿಗೆ ಎರಡು ಹೆಣ್ಣು ಗೊಂಬೆಗಳನ್ನು ಮುಟ್ಟಿ ಅಂಕ ಕೊಡಲು ಹೇಳಿದರು. ಒಂದರ ಸೊಂಟ ಮತ್ತು ನಿತಂಬದ ಸುತ್ತಳತೆಯ ಅನುಪಾತ 0.70, ಇನ್ನೊಂದರದ್ದು 0.84. ಅವರೂ ಸಣ್ಣ ಸೊಂಟದ ಗೊಂಬೆಯನ್ನೇ ಮೆಚ್ಚಿದರು, ಆದರೆ ಕಾಣುವವರಷ್ಟು ಒತ್ತಾಗಿ ಅಲ್ಲ. ಸಿನಿಮಾ, ಜಾಹೀರಾತು ನೋಡದವರಲ್ಲೂ ಈ ಒಲವು ಇರುವುದು, ನೋಡಿದವರಲ್ಲಿ ಅದು ಹೆಚ್ಚಾಗಿರುವುದು, ಎರಡೂ ಇದರಿಂದ ತಿಳಿಯುತ್ತದೆ. ದೃಷ್ಟಿಯ ಒತ್ತಡದಿಂದ ದೂರವಿರುವುದರ ಲಾಭವೂ ಉಂಟು. 1998ರ ಬ್ರಿಟಿಷ್ ಅಧ್ಯಯನವೊಂದರಲ್ಲಿ ತಮ್ಮ ಮೈಕಟ್ಟಿನ ಬಗ್ಗೆ ಅತಿ ಕಡಿಮೆ ಅತೃಪ್ತಿ ಇದ್ದದ್ದು ಹುಟ್ಟುಕುರುಡರಾದ ಹೆಂಗಸರಲ್ಲಿ, ಅತಿ ಹೆಚ್ಚು ಇದ್ದದ್ದು ಕಣ್ಣಿದ್ದವರಲ್ಲಿ.

ತೊಡಕು ಇರುವುದು ಸಂಕೇತಗಳ ವಿನಿಮಯದಲ್ಲಿ. ಮನಶ್ಶಾಸ್ತ್ರಜ್ಞೆ ಮೋನಿಕಾ ಮೂರ್ 1985ರಲ್ಲಿ ಹೆಂಗಸರು ಗಂಡಸರ ಗಮನ ಸೆಳೆಯಲು ಬಳಸುವ 52 ಬಗೆಯ ಚರ್ಯೆಗಳನ್ನು ಪಟ್ಟಿ ಮಾಡಿದರು. ಕುಡಿನೋಟ, ತಲೆ ಓರೆ ಮಾಡುವುದು, ಕೂದಲು ಸವರಿಕೊಳ್ಳುವುದು ಮುಂತಾಗಿ ಹೆಚ್ಚಿನವು ಸದ್ದಿಲ್ಲದವು. ಕಾಲೇಜಿನ ಕಾರಿಡಾರಿನಲ್ಲಿ ತನ್ನನ್ನು ಯಾರಾದರೂ ನೋಡುತ್ತಿದ್ದಾರೆಯೇ ಎಂಬುದೇ ಗೊತ್ತಾಗದ ಹುಡುಗ ಮೊದಲ ಹೆಜ್ಜೆ ಇಡಲು ಮಾತನ್ನೇ ನೆಚ್ಚಬೇಕು. ಆ ಮಾತು ಕಾಣುವವರ ಕಿವಿಗೆ ತೀರಾ ನೇರ ಅನ್ನಿಸಬಹುದು. ಇನ್ನೊಂದೆಡೆ, ಅಂಧರ ಮುಖದಲ್ಲಿ ಭಾವ ಕಾಣದು ಎಂಬ ಮಾತಿಗೆ ಆಧಾರವಿಲ್ಲ. 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಅಂಧ ಜೂಡೊ ಪಟುಗಳು ಗೆದ್ದಾಗ, ಸೋತಾಗ ಮುಖದ ಸ್ನಾಯುಗಳು ಹೇಗೆ ಚಲಿಸಿದವು ಎಂಬುದನ್ನು ಮಾತ್ಸುಮೊಟೊ ಮತ್ತು ವಿಲ್ಲಿಂಗ್‌ಹ್ಯಾಮ್ ಪರಿಶೀಲಿಸಿದರು. ಕಣ್ಣಿದ್ದವರಿಗೂ ಇವರಿಗೂ ವ್ಯತ್ಯಾಸ ಸಿಗಲಿಲ್ಲ. ಕಣ್ಣೂ ಕಿವಿಯೂ ಇಲ್ಲದ ಲಾರಾ ಬ್ರಿಜ್‌ಮನ್ ನಾಚಿ ಕೆಂಪಾಗುತ್ತಿದ್ದಳೆಂದು ಡಾರ್ವಿನ್ 1872ರಲ್ಲೇ ಬರೆದಿದ್ದ. ತಂತಾನೆ ಹೊಮ್ಮುವ ಭಾವ ಹುಟ್ಟಿನಿಂದಲೇ ಬಂದದ್ದು. ಬೇಕೆಂದಾಗ ತೋರಿಸುವ, ಬೇಡವೆಂದಾಗ ಮರೆಮಾಚುವ ಕಲೆಯನ್ನು ಮಾತ್ರ ಕಲಿಯಬೇಕಾಗುತ್ತದೆ.

ಡಚ್ ಸಂಶೋಧಕಿಯರಾದ ಕೆಫ್ ಮತ್ತು ಬಾಸ್ 2006ರಲ್ಲಿ 36 ಅಂಧ ಹದಿಹರೆಯದವರನ್ನು ಸಂದರ್ಶಿಸಿ ಪ್ರಕಟಿಸಿದ ಫಲಿತಾಂಶ ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತದೆ. ಲೈಂಗಿಕ ತಿಳಿವಳಿಕೆಯಲ್ಲಾಗಲಿ ಮಾನಸಿಕ ಸ್ಥಿತಿಯಲ್ಲಾಗಲಿ ಅವರಿಗೆ ಸಮಸ್ಯೆ ಇರಲಿಲ್ಲ. ಅನುಭವ ಮಾತ್ರ ತಡವಾಗಿತ್ತು, ಕಡಿಮೆಯಾಗಿತ್ತು. ಶಾಲೆಗಳಲ್ಲಿ ಮುಕ್ತವಾಗಿ ಪಾಠ ನಡೆಯುವ ದೇಶದ ಚಿತ್ರ ಇದು. ತಿಳಿವಳಿಕೆಯ ಬಾಗಿಲು ತೆರೆದರೂ ಅವಕಾಶದ ಬಾಗಿಲು ತಾನಾಗಿ ತೆರೆಯುವುದಿಲ್ಲ. ಹದಿನಾರರ ಹುಡುಗ ಗೆಳೆಯರ ಜತೆ ಸಂಜೆ ಹೊರಗೆ ಹೋಗಲು ಅಪ್ಪನ ಸ್ಕೂಟರನ್ನೇ ಕಾಯಬೇಕಾದರೆ ಪ್ರೇಮಕ್ಕೆ ಬೇಕಾದ ಏಕಾಂತ ಎಲ್ಲಿಂದ ಬರಬೇಕು?

ಪ್ರೇಮದ ಪ್ರಶ್ನೆಯ ಹಿಂದೆಯೇ 'ನಾನು ಯಾರು' ಎಂಬ ಪ್ರಶ್ನೆ ಇರುತ್ತದೆ. ಎರಿಕ್ ಎರಿಕ್‌ಸನ್ ಹದಿಹರೆಯದ ಮುಖ್ಯ ಕೆಲಸವೇ ಸ್ವಂತ ಗುರುತು ಕಂಡುಕೊಳ್ಳುವುದೆಂದೂ ಅದಾದ ಮೇಲಷ್ಟೇ ನಿಜವಾದ ಆಪ್ತತೆ ಸಾಧ್ಯವೆಂದೂ ಹೇಳಿದ. 1966ರಲ್ಲಿ ಜೇಮ್ಸ್ ಮಾರ್ಸಿಯಾ ಇದನ್ನು ಇನ್ನಷ್ಟು ಬಿಡಿಸಿದ. ಹುಡುಕಾಡಿ ಒಂದು ನಿಲುವಿಗೆ ಬರುವವರಿದ್ದಾರೆ, ಇನ್ನೂ ಹುಡುಕುತ್ತಿರುವವರಿದ್ದಾರೆ, ಹುಡುಕದೆ ತೇಲುವವರಿದ್ದಾರೆ, ಹುಡುಕುವ ಮೊದಲೇ ಹಿರಿಯರು ಕೊಟ್ಟದ್ದನ್ನು ಒಪ್ಪಿಕೊಂಡವರೂ ಇದ್ದಾರೆ. ಅಂಧ ಯುವಜನರನ್ನು ಸಮಾಜ ತಳ್ಳುವುದು ಈ ಕೊನೆಯ ಗುಂಪಿಗೆ. ಕುರ್ಚಿ ಹೆಣೆಯುವುದು, ಟೆಲಿಫೋನ್ ಆಪರೇಟರ್, ಸಂಗೀತದ ಮೇಷ್ಟ್ರು, ಈಗ ಬ್ಯಾಂಕು ಎಂದು ಉದ್ಯೋಗ ಮೊದಲೇ ನಿಗದಿ. ಸ್ವಭಾವವೂ ನಿಗದಿ: ಕಣ್ಣಿಲ್ಲದವರು ಶಾಂತರು, ದೈವಭಕ್ತರು, ಆಸೆಯಿಲ್ಲದವರು. ಸಮಾಜವಿಜ್ಞಾನಿ ರಾಬರ್ಟ್ ಸ್ಕಾಟ್ 1969ರಲ್ಲಿ ಅಂಧತ್ವವೆಂಬುದು ಕಲಿತ ಪಾತ್ರ, ಅದನ್ನು ಕಲಿಸುವವರಲ್ಲಿ ಅಂಧರ ಸೇವಾಸಂಸ್ಥೆಗಳೇ ಮುಂದು ಎಂದು ಬರೆದಾಗ ಆ ಸಂಸ್ಥೆಗಳಿಗೆ ಕಹಿಯಾಯಿತು. ಅವನ ವಾದ ತುಸು ಅತಿಯೇ, ಆದರೆ ತಳ್ಳಿಹಾಕುವಂಥದ್ದಲ್ಲ.

ಕನ್ನಡನಾಡಿನಲ್ಲಿ ಅಂಧ ವ್ಯಕ್ತಿಗೆ ಸಿಕ್ಕ ಅತಿ ಎತ್ತರದ ಗೌರವ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿ ಮತ್ತು ಪುಟ್ಟರಾಜ ಗವಾಯಿಗಳದ್ದು. ಸಾವಿರಾರು ಅಂಧ ಮಕ್ಕಳಿಗೆ ಅನ್ನ, ಅಕ್ಷರ, ಸಂಗೀತ ಕೊಟ್ಟ ಪರಂಪರೆ ಅದು, ಇಬ್ಬರೂ ಸನ್ಯಾಸಿಗಳು. ಅವರ ದೊಡ್ಡತನ ಪ್ರಶ್ನಾತೀತ. ಅದೊಂದೇ ಮಾದರಿ ಕಣ್ಣಮುಂದಿದ್ದಾಗ ಮಾತ್ರ, ಸನ್ಯಾಸಿಯಾಗಲು ಇಷ್ಟವಿಲ್ಲದ, ಸಂಗೀತವೂ ಒಲಿಯದ ಹುಡುಗನಿಗೆ ಹಿಡಿದು ನಡೆಯಲು ಇನ್ನೊಂದು ಹಾದಿ ಕಾಣದು. ಅಂಧ ಹುಡುಗಿಗಂತೂ ಅಷ್ಟೂ ಇಲ್ಲ. ಮುಂಬೈನ ನಿಧಿ ಗೋಯಲ್‌ರಂಥ ಅಂಧ ಹೋರಾಟಗಾರ್ತಿ ವೇದಿಕೆಯ ಮೇಲೆ ನಿಂತು ತನ್ನ ಪ್ರೇಮ, ಮದುವೆಯ ಮಾತುಕತೆಗಳ ಬಗ್ಗೆಯೇ ಹಾಸ್ಯ ಮಾಡತೊಡಗಿದ್ದು ಈ ಕೊರತೆಯ ನಡುವೆ.

ಅರೆದೃಷ್ಟಿಯವರ ಪಾಡು ಇನ್ನೊಂದು ಬಗೆ. ನೋಡುವವರಿಗೆ ಅವರ ದೋಷ ಗೊತ್ತಾಗುವುದಿಲ್ಲ. ಹೀಗಾಗಿ ಬಚ್ಚಿಡುವ ಆಸೆ ಸಹಜ. ಸಮಾಜವಿಜ್ಞಾನಿ ಅರ್ವಿಂಗ್ ಗಾಫ್‌ಮನ್ 1963ರಲ್ಲಿ ಕಳಂಕದ ಬಗ್ಗೆ ಬರೆದ ಪುಸ್ತಕದಲ್ಲಿ ಈ ಮರೆಮಾಚುವಿಕೆಯ ಬೆಲೆಯನ್ನು ವಿವರಿಸಿದ್ದಾನೆ. ಕಾಲೇಜಿನ ಹುಡುಗಿ ಬಿಳಿ ಕೋಲನ್ನು ಮಡಚಿ ಚೀಲದಲ್ಲಿಡುತ್ತಾಳೆ, ಬಸ್ಸಿನ ಬೋರ್ಡು ಓದಲಾಗದೆ 'ಕನ್ನಡಕ ಮರೆತೆ' ಎನ್ನುತ್ತಾಳೆ, ಕೈಬೀಸಿದ ಗೆಳೆಯನನ್ನು ಗುರುತಿಸದೆ ಸೊಕ್ಕಿನವಳೆನಿಸಿಕೊಳ್ಳುತ್ತಾಳೆ. ಕೋಲು ಬಿಚ್ಚಿ ನಡೆದ ದಿನ ಜನ ಅವಳನ್ನು ನೋಡುವ ರೀತಿಯೇ ಬದಲಾಗುತ್ತದೆ. ಹುಡುಗಿಯಾಗಿದ್ದವಳು ಒಮ್ಮೆಲೇ 'ಪಾಪ, ಕಣ್ಣು ಕಾಣಲ್ಲ' ಆಗುತ್ತಾಳೆ. ಆದರೂ ಕೋಲು ಕೊಡುವ ಸ್ವಾತಂತ್ರ್ಯ ಆ ನೋಟಕ್ಕಿಂತ ದೊಡ್ಡದೆಂದು ಹಲವರು ತಡವಾಗಿ ಕಂಡುಕೊಳ್ಳುತ್ತಾರೆ. ಹರೆಯದಲ್ಲಿ ದೃಷ್ಟಿ ಕಳೆದುಕೊಂಡವರಿಗೆ ಇದೇ ಪ್ರಶ್ನೆ ಕೆಲವೇ ವಾರಗಳಲ್ಲಿ ಎದುರಾಗುತ್ತದೆ. ಲೆಬರ್ ದೃಷ್ಟಿನರ ರೋಗ ಹೆಚ್ಚಾಗಿ 15ರಿಂದ 35ರ ವಯಸ್ಸಿನ ಗಂಡಸರನ್ನು ಹಿಡಿಯುತ್ತದೆ, ಎರಡೂ ಕಣ್ಣುಗಳ ನಡುನೋಟವನ್ನು ಕಸಿಯುತ್ತದೆ. ಬೈಕ್ ಹೋಗುತ್ತದೆ, ಕೆಲಸ ಹೋಗುತ್ತದೆ, ನಿಶ್ಚಯವಾದ ಮದುವೆಯೂ ಮುರಿಯಬಹುದು. ಗಂಡಸುತನವೆಂದು ನಂಬಿದ್ದೆಲ್ಲ ಕಳೆದು ಉಳಿದದ್ದೇನು ಎಂದು ಹುಡುಕುವುದು ಆಪ್ತಸಲಹೆಯ ಮೊದಲ ಕೆಲಸ.

ಭಾರತದಲ್ಲಿ ಲೈಂಗಿಕತೆಯ ಮಾತು ಮದುವೆಗೆ ಬಂದೇ ನಿಲ್ಲುತ್ತದೆ. ಮನುಸ್ಮೃತಿಯ 9ನೇ ಅಧ್ಯಾಯ ಹುಟ್ಟುಕುರುಡರಿಗೆ ಆಸ್ತಿಯ ಪಾಲು ನಿರಾಕರಿಸಿ ಅನ್ನ ಬಟ್ಟೆ ಕೊಡಿ ಎಂದಿತು. ಅವರು ಮದುವೆಯಾಗಬಯಸಿ ಮಕ್ಕಳಾದರೆ ಆ ಮಕ್ಕಳಿಗೆ ಪಾಲು ಉಂಟೆಂದೂ ಹೇಳಿತು. ಆಸ್ತಿಗೆ ಇದ್ದ ಈ ಅಡ್ಡಿಯನ್ನು ಕಾನೂನು ತೆಗೆದುಹಾಕಿದ್ದು 1928ರಲ್ಲಿ. ಕುಟುಂಬಗಳ ಲೆಕ್ಕಾಚಾರ ಇನ್ನೂ ಹಳೆಯದೇ. ಕೆಲಸವಿರುವ ಅಂಧ ಹುಡುಗನಿಗೆ ಬಡವರ ಮನೆಯ ಕಣ್ಣಿರುವ ಹುಡುಗಿಯನ್ನು ತರುತ್ತಾರೆ, ಅಡುಗೆ ಮಾಡಿ ಹಾಕಲು ಒಬ್ಬರು ಬೇಕಲ್ಲ ಎಂದು. ಅಂಧ ಹುಡುಗಿಯನ್ನು ಅದೇ ಅಡುಗೆಯ ಕಾರಣಕ್ಕೆ ಬಿಟ್ಟುಬಿಡುತ್ತಾರೆ, ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದರೂ ಸರಿ. ಅಂಗವಿಕಲರನ್ನು ವರಿಸುವವರಿಗೆ ಸರ್ಕಾರ ಪ್ರೋತ್ಸಾಹಧನ ಕೊಡುತ್ತದೆ. ಉದ್ದೇಶ ಒಳ್ಳೆಯದೇ ಇರಬಹುದು. ಮದುವೆಯನ್ನು ತ್ಯಾಗವೆಂದು ಬಗೆದು ಪರಿಹಾರ ಕೊಟ್ಟಂತಿದೆ ಎಂಬ ಟೀಕೆಯನ್ನೂ ಸುಲಭವಾಗಿ ಅಲ್ಲಗಳೆಯಲಾಗದು.

ಮಕ್ಕಳೂ ಕುರುಡಾದರೆ ಎಂಬ ಭಯವನ್ನು ವಿಜ್ಞಾನ ಬಹುಮಟ್ಟಿಗೆ ಬಿಡಿಸಿ ಹೇಳಬಲ್ಲದು. ವಿಟಮಿನ್ ಎ ಕೊರತೆ, ಸೋಂಕು, ಪೆಟ್ಟು, ಅವಧಿಗೆ ಮುಂಚೆ ಹುಟ್ಟಿದ ಕೂಸಿನ ಅಕ್ಷಿಪಟದ ತೊಂದರೆ ಇವುಗಳಿಂದ ಬಂದ ಅಂಧತ್ವ ಮುಂದಿನ ಪೀಳಿಗೆಗೆ ಹೋಗುವುದಿಲ್ಲ. ಲೆಬರ್ ರೋಗ ತಾಯಿಯ ಕಡೆಯಿಂದ ಮಾತ್ರ ಬರುತ್ತದೆ. ರೋಗವಿರುವ ಗಂಡಸಿನಿಂದ ಮಕ್ಕಳಿಗೆ ದಾಟದು. ರೆಟಿನೈಟಿಸ್ ಪಿಗ್ಮೆಂಟೋಸಾದಲ್ಲಿ ಹಲವು ಬಗೆಗಳಿವೆ. ಪ್ರಬಲ ಬಗೆಯಲ್ಲಿ ಪ್ರತಿ ಮಗುವಿಗೂ ಅರ್ಧದಷ್ಟು ಸಂಭವ. ಅಪ್ರಬಲ ಬಗೆಯಲ್ಲಿ, ಸಂಗಾತಿಯಲ್ಲಿ ಅದೇ ದೋಷವಿಲ್ಲದಿದ್ದರೆ, ಮಕ್ಕಳಿಗೆ ರೋಗವೇ ಬಾರದು. ಅದೇ ದೋಷ ಇರುವ ಸಾಧ್ಯತೆ ಹೆಚ್ಚುವುದು ರಕ್ತಸಂಬಂಧದಲ್ಲಿ. ಕರ್ನಾಟಕದಲ್ಲಿ ಇಂದಿಗೂ ಸುಮಾರು ಕಾಲುಭಾಗದಷ್ಟು ಮದುವೆಗಳು ಸೋದರಮಾವ, ಅತ್ತೆಮಗ ಎಂದು ಬಂಧುಗಳೊಳಗೇ ನಡೆಯುತ್ತವೆ. ಕಣ್ಣಿಲ್ಲದ ಹುಡುಗಿಯನ್ನು ಹೊರಗಿನವರು ಒಪ್ಪರೆಂದು ಸೋದರಮಾವನಿಗೇ ಕೊಟ್ಟು ಕೈತೊಳೆದುಕೊಳ್ಳುವ ಮನೆಗಳು ತಾವು ಹೆದರಿದ್ದನ್ನೇ ಕರೆದುಕೊಂಡಂತಾಗುತ್ತದೆ.

ಗಂಡು ಹೆಣ್ಣಿನ ಮದುವೆಯ ಚೌಕಟ್ಟಿನಾಚೆಗೆ ಒಲವಿರುವ ಅಂಧ ಯುವಜನರು ಎರಡು ಬಾರಿ ಅದೃಶ್ಯರು. 2018ರಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ತಮ್ಮಂಥವರನ್ನು ಗುರುತಿಸುವ ಸುಳಿವುಗಳು ಹೆಚ್ಚಾಗಿ ಕಣ್ಣಿನವೇ ಆಗಿರುವುದರಿಂದ ಅವರಿಗೆ ಸಂಗಾತಿ ಹುಡುಕುವುದಿರಲಿ, ತಮ್ಮ ಬಯಕೆಗೆ ಹೆಸರು ಕಂಡುಕೊಳ್ಳುವುದೂ ತಡವಾಗುತ್ತದೆ. 2014ರ ಹಿಂದಿ ಸಿನಿಮಾ 'ಮಾರ್ಗರಿಟಾ ವಿತ್ ಎ ಸ್ಟ್ರಾ'ದಲ್ಲಿ ಅಂಧ ತರುಣಿಯೊಬ್ಬಳು ಹೆಣ್ಣನ್ನು ಪ್ರೀತಿಸುವ ಪಾತ್ರವಾಗಿ ಬಂದದ್ದು ಬಿಟ್ಟರೆ ಭಾರತೀಯ ಪರದೆಯ ಮೇಲೆ ಅವರ ಸುಳಿವೇ ವಿರಳ.

ಸ್ಪರ್ಶಕ್ಕೆ ಇನ್ನೊಂದು ಮುಖವಿದೆ. ಅಂಧ ಹುಡುಗಿಯನ್ನು ರಸ್ತೆ ದಾಟಿಸುವವರು ಕೇಳದೆ ತೋಳು ಹಿಡಿಯುತ್ತಾರೆ, ಬಸ್ ಹತ್ತಿಸುವವರು ಸೊಂಟಕ್ಕೆ ಕೈಹಾಕುತ್ತಾರೆ. ಸಹಾಯ ಎಲ್ಲಿ ಮುಗಿಯಿತು, ಕಿರುಕುಳ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಅವಳಿಗೇ ಬಿಟ್ಟದ್ದು. ಓಡಾಟದ ತರಬೇತಿಯಲ್ಲಿ ಕಲಿಸುವ ಸರಿಯಾದ ಕ್ರಮ ಇದಕ್ಕೆ ತದ್ವಿರುದ್ಧ: ದಾರಿ ತೋರುವವರು ಅವಳನ್ನು ಹಿಡಿಯುವುದಿಲ್ಲ, ಅವಳೇ ಅವರ ಮೊಣಕೈ ಹಿಡಿಯುತ್ತಾಳೆ, ಬೇಡವೆನಿಸಿದಾಗ ಬಿಡುತ್ತಾಳೆ. ಚಿಕ್ಕಂದಿನಿಂದ ಎಲ್ಲರ ಕೈಗೂ ಒಪ್ಪಿಸಿಕೊಂಡು ಬೆಳೆದ ಮಗುವಿಗೆ 'ಬೇಡ' ಎನ್ನಲು ಹೇಳಿಕೊಡುವುದು ಲೈಂಗಿಕ ಶಿಕ್ಷಣದ ಮೊದಲ ಪಾಠವಾಗಬೇಕು.

ಕಾನೂನು ಇತ್ತೀಚೆಗೆ ಸ್ಪಷ್ಟವಾಗಿದೆ. 2012ರ ಪೋಕ್ಸೊ ಕಾಯ್ದೆ ಮಗುವಿನ ಅಂಗವೈಕಲ್ಯವನ್ನು ದುರುಪಯೋಗಪಡಿಸಿಕೊಂಡ ಅಪರಾಧವನ್ನು ಹೆಚ್ಚು ಗಂಭೀರವೆಂದು ಎಣಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 10ನೇ ಸೆಕ್ಷನ್ ಸಂತಾನ ಮತ್ತು ಕುಟುಂಬ ಯೋಜನೆಯ ಮಾಹಿತಿ ಪಡೆಯುವ ಹಕ್ಕು ಕೊಟ್ಟು, ಒಪ್ಪಿಗೆಯಿಲ್ಲದೆ ಸಂತಾನಶಕ್ತಿ ಕಳೆಯುವ ಚಿಕಿತ್ಸೆಯನ್ನು ನಿಷೇಧಿಸುತ್ತದೆ. ನ್ಯಾಯಾಲಯದಲ್ಲಿ ಅಂಧ ಮಹಿಳೆಗೆ ಎದುರಾಗುವ ಪ್ರಶ್ನೆ ಮಾತ್ರ ಬೇರೆ: ನೋಡದೆ ಆರೋಪಿಯನ್ನು ಹೇಗೆ ಗುರುತಿಸಿದೆ? ಆಂಧ್ರಪ್ರದೇಶದ ಹುಟ್ಟುಕುರುಡಿ ಯುವತಿಯೊಬ್ಬಳು ತನ್ನ ಮೇಲೆ ಅತ್ಯಾಚಾರ ಮಾಡಿದವನನ್ನು ದನಿಯಿಂದ ಗುರುತಿಸಿದ್ದಳು. ಅವನು ಮನೆಗೆ ಬಂದುಹೋಗುತ್ತಿದ್ದವನು. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅಂಗವೈಕಲ್ಯವಿರುವ ಸಾಕ್ಷಿಯ ಮಾತು ಇತರರ ಮಾತಿಗಿಂತ ಹಗುರವಲ್ಲ ಎಂದು ಎತ್ತಿಹಿಡಿಯಿತು. ಆಕೆ ಪರಿಶಿಷ್ಟ ಜಾತಿಯವಳು, ಹೆಣ್ಣು, ಅಂಧೆ ಎಂಬ ಮೂರೂ ಒಟ್ಟಾಗಿ ಅವಳನ್ನು ಹೇಗೆ ದುರ್ಬಲಗೊಳಿಸಿದವು ಎಂಬುದನ್ನು ತೀರ್ಪು ವಿಸ್ತಾರವಾಗಿ ಚರ್ಚಿಸಿತು.

ಈ ಪೀಳಿಗೆಯ ಬದುಕನ್ನು ಕಾನೂನಿಗಿಂತ ಹೆಚ್ಚು ಬದಲಿಸಿದ್ದು ಪರದೆ ಓದುವ ತಂತ್ರಾಂಶ. ಹಿಂದೆ ಬಂದ ಪ್ರೇಮಪತ್ರವನ್ನು ಇನ್ನೊಬ್ಬರಿಂದ ಓದಿಸಬೇಕಿತ್ತು. ಬ್ರೈಲ್‌ನಲ್ಲಿ ಬರೆದದ್ದು ಬ್ರೈಲ್ ಬಲ್ಲವರಿಗೆ ಮಾತ್ರ. 2006ರಲ್ಲಿ ಇಬ್ಬರು ಅಂಧ ಆಸ್ಟ್ರೇಲಿಯನ್ನರು ಉಚಿತವಾಗಿ ಕೊಟ್ಟ ಎನ್‌ವಿಡಿಎ, ಆಮೇಲೆ ಫೋನುಗಳಲ್ಲೇ ಟಾಕ್‌ಬ್ಯಾಕ್ ಮತ್ತು ವಾಯ್ಸ್‌ಓವರ್ ಬಂದ ನಂತರ ಸಂದೇಶ ನೇರ ಕಿವಿಗೆ ಬೀಳುತ್ತದೆ. ಕೇಳಲು ನಾಚುವ ಪ್ರಶ್ನೆಯನ್ನು ಇಯರ್‌ಫೋನ್ ಹಾಕಿಕೊಂಡು ಗೂಗಲ್‌ಗೆ ಕೇಳಬಹುದು. ಡೇಟಿಂಗ್ ಆ್ಯಪ್‌ಗಳು ಮಾತ್ರ ಫೋಟೊದ ಮೇಲೆ ನಿಂತಿವೆ; ತನ್ನ ಫೋಟೊ ಚೆನ್ನಾಗಿದೆಯೇ ಎಂದು ಯಾರನ್ನಾದರೂ ಕೇಳಬೇಕು, ಕಣ್ಣು ಕಾಣದ ವಿಷಯವನ್ನು ಪರಿಚಯದಲ್ಲೇ ಬರೆಯಬೇಕೋ ನಾಲ್ಕು ಮಾತಾದ ಮೇಲೆ ಹೇಳಬೇಕೋ ಎಂಬುದನ್ನು ತಾನೇ ತೀರ್ಮಾನಿಸಬೇಕು.

ಆರೋಗ್ಯದ ಸಾಧನಗಳು ಇನ್ನೂ ಹಿಂದಿವೆ. ಗರ್ಭಧಾರಣೆಯ ಪರೀಕ್ಷಾ ಪಟ್ಟಿಯ ಎರಡು ಗೆರೆಗಳನ್ನು ಕಾಣದ ಮಹಿಳೆ ಓದಲಾರಳು. ತಾನು ಬಸುರಿಯೋ ಅಲ್ಲವೋ ಎಂಬುದು ಅವಳಿಗಿಂತ ಮೊದಲು ಗಂಡನಿಗೋ ಅಮ್ಮನಿಗೋ ಗೊತ್ತಾಗುತ್ತದೆ. ಇಲ್ಲವೇ 'ಬಿ ಮೈ ಐಸ್' ಆ್ಯಪ್‌ನಲ್ಲಿ ಕ್ಯಾಮೆರಾ ಹಿಡಿದು ಅಪರಿಚಿತ ಸ್ವಯಂಸೇವಕರಿಂದ ಓದಿಸಬೇಕು. ಬ್ರಿಟನ್ನಿನ ಅಂಧರ ರಾಷ್ಟ್ರೀಯ ಸಂಸ್ಥೆ ಆರ್‌ಎನ್‌ಐಬಿ 2020ರಲ್ಲಿ, ಫಲಿತಾಂಶ ಬಂದಾಗ ಬೆರಳಿಗೆ ತಾಗುವಂತೆ ಉಬ್ಬುಗಳು ಮೇಲೇಳುವ ಪರೀಕ್ಷಾ ಸಾಧನದ ಮಾದರಿಯೊಂದನ್ನು ಮಾಡಿಸಿ ತೋರಿಸಿತು. ಗರ್ಭನಿರೋಧಕ ಗುಳಿಗೆಯ ಹಾಳೆಯಲ್ಲಿ ಇಂದಿನ ಗುಳಿಗೆ ಯಾವುದೆಂದು ಬೆರಳಿಗೆ ತಿಳಿಸುವ ಗುರುತು, ಕಾಂಡೋಮ್ ಪೊಟ್ಟಣದ ಮೇಲೆ ಅವಧಿ ಮುಗಿಯುವ ದಿನದ ಬ್ರೈಲ್, ಆಪ್ತಸಲಹೆಗೆ ಬಂದವರ ಒಪ್ಪಿಗೆ ಪತ್ರವನ್ನು ಜತೆಗಾರರಿಗೆ ಓದಲು ಕೊಡದೆ ನೇರ ಅವರಿಗೇ ಕೇಳಿಸುವ ಏರ್ಪಾಡು, ಇವುಗಳಲ್ಲಿ ಯಾವುದಕ್ಕೂ ಹೊಸ ಆವಿಷ್ಕಾರ ಬೇಕಿಲ್ಲ.